ಗರಸಿನ ಹಾದಿ, ಎರಿಯ ಹಾದಿ

ನಿಪ್ಪಾಣಿಯಿಂದ ದಕ್ಷಿಣಕ್ಕೆ ಪುಣೆ–ಬೆಂಗಳೂರು ಹೆದ್ದಾರಿ ತವನಿಧಿ ಘಾಟ್ ಏರುತ್ತದೆ. ಲಾರಿಗಳ ಆ ಸಾಲಿನಲ್ಲಿ ಸೈಕಲ್ಲಿಗೆ ಜಾಗವಿಲ್ಲ. ಹೆದ್ದಾರಿ ಬಿಟ್ಟು ಬದಿಯ ಬಂಡಿ ಹಾದಿಗೆ ಇಳಿದರೆ ಟೈರಿನ ಸದ್ದೇ ಬದಲಾಗುತ್ತದೆ. ಗರಸು ಕರಕರ ಎನ್ನುತ್ತದೆ, ಒಣಗಲು ಹಾಕಿದ ತಂಬಾಕಿನ ಘಾಟು ಮೂಗಿಗೆ ಬಡಿಯುತ್ತದೆ. ಈ ಸದ್ದಿಗೂ ಈ ವಾಸನೆಗೂ ಸೋತು ಕೆಲವು ವರ್ಷಗಳಿಂದ ನನ್ನ ಚಳಿಗಾಲದ ಭಾನುವಾರಗಳನ್ನು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಕಚ್ಚಾ ಹಾದಿಗಳಿಗೆ ಕೊಟ್ಟಿದ್ದೇನೆ. ಹೊಲಕ್ಕೆ ಹೋಗಿ ಬರುವವರ ಕಾಲು, ಎತ್ತು, ಗಾಡಿ ಸೇರಿ ತಲೆಮಾರುಗಳಿಂದ ಮಾಡಿದ ಕೃತಿ ಈ ಹಾದಿಗಳು. ಕೃತಿ ಎಂದಮೇಲೆ ಅದರ ಗುಣದೋಷ ತೂಗಬೇಕು.

ಇಂಥ ಸವಾರಿಗೆ ಈಗ ಜಗತ್ತಿನಲ್ಲಿ ‘ಗ್ರಾವೆಲ್ ಸೈಕ್ಲಿಂಗ್’ ಎಂಬ ಹೆಸರಿದೆ. ರೇಸಿನ ಸೈಕಲ್ಲಿನಂತೆ ಬಾಗಿದ ಹ್ಯಾಂಡಲ್, 40 ಮಿಲಿಮೀಟರ್ ಆಸುಪಾಸಿನ ಅಗಲ ಟೈರು, ಅದರಲ್ಲಿ ಕಡಿಮೆ ಗಾಳಿ, ಏರಿಗೆ ಹಗುರ ಗೇರು. ಈ ಆಟದ ಒಂದು ಮಾದರಿ ಚಿತ್ರ ಬಂದಿರುವುದು ಮೆಡಿಟರೇನಿಯನ್ ಸೀಮೆಯ ಗುಡ್ಡಗಳಿಂದ: ಇಟಲಿಯ ಟಸ್ಕನಿ, ಸ್ಪೇನಿನ ಜಿರೋನಾ. ಟಸ್ಕನಿಯ ಬಿಳಿ ಜಲ್ಲಿಯ ಹಳೆಯ ಹಾದಿಗಳು ಡಾಂಬರಿನಡಿ ಮುಚ್ಚಿಹೋಗುವುದನ್ನು ತಡೆಯಬೇಕೆಂದು 1997ರಲ್ಲಿ ಗಾಯೋಲೆ ಎಂಬ ಊರಿನಲ್ಲಿ ‘ಲೆರೋಯಿಕಾ’ ಎಂಬ ಹಳೆ ಸೈಕಲ್ಲುಗಳ ಸವಾರಿ ಶುರುವಾಯಿತು. ಅದರ ಬೆನ್ನಿಗೆ 2007ರಲ್ಲಿ ‘ಸ್ತ್ರಾದೆ ಬಿಯಾಂಕೆ’, ಅಂದರೆ ಬಿಳಿ ಹಾದಿಗಳು, ಎಂಬ ವೃತ್ತಿಪರ ರೇಸು ಬಂತು. ಗ್ರಾವೆಲ್ಲಿನ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದೂ ಇಟಲಿಯಲ್ಲೇ, 2022ರಲ್ಲಿ. ಟಸ್ಕನಿಯಲ್ಲಿ ಸವಾರರ ಪ್ರೀತಿಯೇ ಹಾದಿಗಳಿಗೆ ಕಾವಲಾಯಿತು. ಆ ಅಳತೆಗೋಲನ್ನು ನಮ್ಮ ಹಾದಿಗಳಿಗೆ ಹಿಡಿದರೆ ಏನು ಸಿಗುತ್ತದೆ?

ಮೊದಲ ಸ್ಥಾನ ನಿಪ್ಪಾಣಿ–ಚಿಕ್ಕೋಡಿ ನಡುವಿನ ಮಡ್ಡಿಗೆ, ಅಂದರೆ ಗರಸಿನ ದಿನ್ನೆಗಳಿಗೆ. ಚಿಕ್ಕೋಡಿ ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿದೆ. ಕೃಷ್ಣೆಯ ದಂಡೆ ಅದಕ್ಕಿಂತ ನೂರಕ್ಕೂ ಹೆಚ್ಚು ಮೀಟರ್ ಕೆಳಗೆ. ಒಂದೇ ದೊಡ್ಡ ಏರು ಇಲ್ಲಿಲ್ಲ. ಆದರೆ ನೆಲ ಒಂದು ಹರದಾರಿಯೂ ಸಮ ನಿಲ್ಲುವುದಿಲ್ಲ. ಹಳ್ಳಕ್ಕೆ ಇಳಿದು ದಿನ್ನೆಗೆ ಹತ್ತಬೇಕು, ಹತ್ತಿದೊಡನೆ ಮತ್ತೆ ಇಳಿಯಬೇಕು. ಕಾಲಿಗೆ ಲಯ ಸಿಕ್ಕಿತೆನ್ನುವಷ್ಟರಲ್ಲಿ ತಪ್ಪುತ್ತದೆ. ಗ್ರಾವೆಲ್ ಸವಾರಿಯ ಸೊಗಸು ಇದೇ. ಗರಸು ಮಳೆಯ ನೀರನ್ನು ಹೀರಿ ಬಿಡುತ್ತದೆ, ಮರುದಿನ ಗಾಲಿ ಹಿಡಿಯುತ್ತದೆ. ಬೆಳಗಿನ ಬಿಸಿಲು ಏರುವಾಗ ಈ ಹಾದಿ ಟಸ್ಕನಿಯ ಯಾವ ಹಾದಿಗೂ ತಲೆತಗ್ಗಿಸಬೇಕಿಲ್ಲ.

ಎರಡನೆಯದು ನದಿಗಳ ಹಾದಿ. ವೇದಗಂಗೆ ಭೋಜದ ಬಳಿ ದೂಧಗಂಗೆಗೆ, ದೂಧಗಂಗೆ ಕಲ್ಲೋಳದ ಬಳಿ ಕೃಷ್ಣೆಗೆ ಸೇರುತ್ತವೆ. ಜತ್ರಾಟ–ಭೀವಶಿ, ಅಕ್ಕೋಳ–ಸಿದ್ನಾಳ, ಕಾರದಗಾ–ಭೋಜ, ಕಲ್ಲೋಳ–ಯಡೂರ: ಇವು ಕೆಳಮಟ್ಟದ ಸೇತುವೆಗಳು, ಬ್ಯಾರೇಜಿನ ಮೈಮೇಲೆಯೇ ಹಾಸಿದ ದಾರಿಗಳು. ಒಂದನ್ನು ದಾಟಿ ಕಬ್ಬಿನ ನಡುವೆ ಹೊಕ್ಕು ಇನ್ನೊಂದರಲ್ಲಿ ಹೊರಬಂದು ಯಡೂರಿನ ವೀರಭದ್ರನ ಗುಡಿ ಮುಟ್ಟುವ ಸವಾರಿಯಂಥದ್ದು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಈ ಕೃತಿಗೆ ವರ್ಷವಿಡೀ ಬಾಳಿಕೆಯಿಲ್ಲ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದರೆ ಈ ಸೇತುವೆಗಳು ಒಂದರ ಹಿಂದೊಂದು ಮುಳುಗುತ್ತವೆ. 2019ರ ಆಗಸ್ಟಿನಲ್ಲಂತೂ ದಂಡೆಯ ಊರುಗಳೇ ನೀರಿನೊಳಗಿದ್ದವು. ಸುಗ್ಗಿಯಲ್ಲಿ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಹಾದಿ ತುಂಬುತ್ತವೆ. ಅವು ಬಂದಾಗ ಸವಾರ ಬದಿಗೆ ಇಳಿದು ನಿಲ್ಲಬೇಕು. ಅದೇ ಇಲ್ಲಿಯ ನಿಯಮ, ಅದೇ ಸರಿ.

ರಾಯಬಾಗದ ಕಡೆ ಘಟಪ್ರಭಾ ಎಡದಂಡೆ ಕಾಲುವೆಯ ದಂಡೆ ಹಾದಿ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಲು, ಹೊಸಬರಿಗೆ ಕಲಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಕಾಲುವೆಗೆ ಏರಿಳಿವು ಗೊತ್ತಿಲ್ಲ. ಹತ್ತು ಕಿಲೋಮೀಟರ್ ಕಳೆದ ಮೇಲೆ ಕಣ್ಣು ದಣಿಯುತ್ತದೆ. ಅದಕ್ಕೆ ನಾನು ಕೊಡುವ ಅಂಕ ಮಧ್ಯಮ. ಮಾಘದಲ್ಲಿ ಚಿಂಚಲಿ ಮಾಯಕ್ಕನ ಜಾತ್ರೆಗೆ ಎರಡು ರಾಜ್ಯಗಳಿಂದ ಸವಾರಿ ಬಂಡಿಗಳು ಬರುವ ದಿನಗಳಲ್ಲಿ ಮಾತ್ರ ಈ ಸೀಮೆಯ ಹಾದಿಗಳಿಗೆ ಬೇರೆಯದೇ ಕಳೆ.

ಅಥಣಿ–ಕಾಗವಾಡ ನೋಟಕ್ಕೆ ಮೆಡಿಟರೇನಿಯನ್ನಿಗೆ ಬಲು ಹತ್ತಿರ. ಮಳೆಯ ನೆರಳಿನ ನಾಡು, ತೆಲಸಂಗದ ಕಡೆ ದ್ರಾಕ್ಷಿ ಪಡ, ಮಣೂಕ (ಒಣದ್ರಾಕ್ಷಿ) ಮಾಡುವ ಶೆಡ್ಡುಗಳು. ಆದರೆ ಸವಾರಿಗೆ ಇದೇ ಬಡವಾದದ್ದು. ಬಯಲು ಉದ್ದ, ನೆರಳು ಕಡಿಮೆ, ಜಾಲಿ ಮುಳ್ಳು ಮತ್ತು ನೆಗ್ಗಿನಮುಳ್ಳು ಟೈರಿಗೆ ಕಾದು ಕೂತಿರುತ್ತವೆ. ಟ್ಯೂಬ್ ಇಲ್ಲದ, ತೂತನ್ನು ತಾನೇ ಮುಚ್ಚುವ ದ್ರವ ತುಂಬಿದ ಟೈರು ಇಲ್ಲದೆ ಹೋಗಬಾರದು. ಇಲ್ಲಿನ ನೆಲಕ್ಕೆ ತಕ್ಕ ಪಾದರಕ್ಷೆ ಹೊಲಿಯುವುದು ಹೇಗೆಂದು ಅಥಣಿಯ ಚಮ್ಮಾರರು ಎಂದೋ ಕಂಡುಕೊಂಡಿದ್ದಾರೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಾಗ ಮಹಾರಾಷ್ಟ್ರದೊಡನೆ ಕರ್ನಾಟಕಕ್ಕೂ ಪಾಲು ಬಂದದ್ದರ ಹಿಂದೆ ಅವರಂಥ ಕುಶಲಿಗಳ ಕೈ ಇದೆ.

ಇಷ್ಟು ಹಾದಿಯ ಮಾತು. ಇನ್ನು ಅಳತೆಗೋಲಿನ ಮಾತು. ಟಸ್ಕನಿಯ ವಾದವನ್ನು ನಾನು ಬಹಳ ದಿನ ನಂಬಿದ್ದೆ: ಕಚ್ಚಾ ಹಾದಿ ಕಚ್ಚಾ ಆಗಿಯೇ ಉಳಿಯಬೇಕು, ಡಾಂಬರು ಬಂದರೆ ಏನೋ ಸಾಯುತ್ತದೆ. ಒಂದು ಅಕ್ಟೋಬರ್, ಅಕಾಲ ಮಳೆಯ ಮರುದಿನ, ದೂಧಗಂಗೆಯ ದಂಡೆಯ ಪಾಣಂದದಲ್ಲಿ, ಅಂದರೆ ಹೊಲದ ದಾರಿಯಲ್ಲಿ, ಸಿಕ್ಕಿಕೊಂಡೆ. ಎರಿ, ಅಂದರೆ ಜಿಗುಟು ಕಪ್ಪು ಮಣ್ಣು, ಗಾಲಿಗೆ ಅಂಟಿ ಗಾಲಿ ತಿರುಗುವುದೇ ನಿಂತಿತು. ಸೈಕಲ್ಲನ್ನು ಹೆಗಲಿಗೇರಿಸಿ ನಡೆದೆ. ಬದುವಿನ ಮೇಲೆ ಕೂತಿದ್ದ ಹಿರಿಯರೊಬ್ಬರು ಕರೆದು ನೀರು ಕೊಟ್ಟರು. ಈ ದಾರಿ ಹೀಗೇ ಚೆಂದ ಎಂದು ನಾನು ಅಂದೆ. ಅವರು ಸಿಟ್ಟಾಗಲಿಲ್ಲ. “ತಮ್ಮಾ, ನೀ ನಿನ್ನ ಗಾಡಿ ಹೆಗಲ ಮ್ಯಾಲ ಹೊತ್ಕೊಂಡ ಹೊಂಟಿ. ನಾ ನನ್ನ ಕಬ್ಬ ಹೊತ್ಕೊಂಡ ಹೋಗಾಕ ಆಗತೈತೇನು?” ಎಂದರು.

ಆ ಪ್ರಶ್ನೆಯಿಂದ ನನ್ನ ವಿಮರ್ಶೆಯ ನೆಲೆಯೇ ಬದಲಾಯಿತು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾದ ಕರಿಕಲ್ಲೇ ದಿನ್ನೆಯಲ್ಲಿ ಗರಸಾಗಿ, ತಗ್ಗಿನಲ್ಲಿ ಎರಿಯಾಗಿ ಸವೆದಿದೆ. ತಾಯಿ ಒಂದೇ, ಸ್ವಭಾವ ಎರಡು. ಗರಸು ದಾರಿ ಕೊಡುತ್ತದೆ. ಎರಿ ಮಳೆಯಾದರೆ ದಾರಿ ಕಟ್ಟುತ್ತದೆ. ಕಟಾವಿನ ಸರದಿ ಬಂದ ದಿನ ಟ್ರ್ಯಾಕ್ಟರ್ ಹೊಲಕ್ಕೆ ಹೋಗದಿದ್ದರೆ ಕಬ್ಬು ನಿಂತಲ್ಲೇ ಒಣಗಿ ತೂಕ ಕಳೆದುಕೊಳ್ಳುತ್ತದೆ. ಆದ್ದರಿಂದ ಮಡ್ಡಿಯ ಗರಸಿನ ಹಾದಿಗೆ ಟಸ್ಕನಿಯ ವಾದ ಒಪ್ಪುತ್ತದೆ, ಎರಿಯ ಹಾದಿಗೆ ಒಪ್ಪುವುದಿಲ್ಲ. ಅಲ್ಲಿ ಖಡಿ (ಜಲ್ಲಿಕಲ್ಲು) ಬೇಕು, ಬೇಗ ಬೇಕು.

ರಸ್ತೆ ಯಾರದು ಎಂಬ ಪ್ರಶ್ನೆಗೆ ಈ ನೆಲ ಹಿಂದೆಯೇ ಉತ್ತರ ಕೊಟ್ಟಿದೆ. 1981ರಲ್ಲಿ ರೈತ ನಾಯಕ ಶರದ್ ಜೋಶಿಯವರ ನೇತೃತ್ವದಲ್ಲಿ ತಂಬಾಕು ಬೆಳೆಗಾರರು ನ್ಯಾಯವಾದ ಬೆಲೆ ಕೇಳಿ ನಿಪ್ಪಾಣಿಯಲ್ಲಿ ಹೆದ್ದಾರಿಯ ಮೇಲೆ ಕುಳಿತರು; ಪೊಲೀಸರ ಗುಂಡಿಗೆ ರೈತರು ಜೀವ ತೆತ್ತರು. ಆ ನೆಲದಲ್ಲಿ ಸೈಕಲ್ ತುಳಿಯುವವನು ಹಾದಿಯ ಚೆಂದವನ್ನು ಹಾದಿಯ ಕೆಲಸದಿಂದ ಬೇರೆ ಮಾಡಿ ನೋಡಲಾರ.

ಹಾಗಾದರೆ ಸವಾರರು ಕೇಳಬೇಕಾದದ್ದು ಏನು? ಮೊದಲು, ಒತ್ತುವರಿ ತೆರವು. ಗ್ರಾಮ ನಕಾಶೆಯಲ್ಲಿ ಚುಕ್ಕೆ ಗೆರೆಯಾಗಿ ಉಳಿದ ಎಷ್ಟೋ ಬಂಡಿ ದಾರಿಗಳು ನೆಲದ ಮೇಲೆ ಕಬ್ಬಿನೊಳಗೆ ಕರಗಿವೆ. ಅವು ತೆರೆದರೆ ರೈತರಿಗೂ ಸವಾರರಿಗೂ ಲಾಭ. ಎರಡನೆಯದು, ಖಡಿ ಹಾಕುವಾಗ ಬದಿಯ ಬೇವು, ಹುಣಸೆ ಉಳಿಸುವುದು. ಮೂರನೆಯದು, ಈ ಹಾದಿಗಳ ನಿಜವಾದ ಸೈಕಲ್ ಸವಾರರನ್ನು ಗುರುತಿಸುವುದು. 2006–07ರಿಂದ ಸರ್ಕಾರ ಎಂಟನೆಯ ತರಗತಿಯವರಿಗೆ ಕೊಟ್ಟ ಸೈಕಲ್ಲುಗಳ ಮೇಲೆ ತೋಟದ ಮನೆಯ ಎಷ್ಟೋ ಹುಡುಗಿಯರು ಇದೇ ಗರಸಿನ ಮೇಲೆ ಹೈಸ್ಕೂಲಿಗೆ ಹೋದರು, ಗೇರಿಲ್ಲದೆ, ಚೀಲ ಬೆನ್ನಿಗೆ ಹಾಕಿಕೊಂಡು. ನಮ್ಮ ಜಾತ್ರೆಗಳಲ್ಲಿ ಜೋಡೆತ್ತಿನ ಗಾಡಿಯ ಜೊತೆಗೆ ಸೈಕಲ್ ಶರ್ಯತ್ತೂ ನಡೆಯುತ್ತದೆ. ಊರೇ ಅಗಸಿಗೆ ಬಂದು ನಿಲ್ಲುತ್ತದೆ. ಗ್ರಾವೆಲ್ ಸವಾರಿ ಇಲ್ಲಿ ಬೇರು ಬಿಡಬೇಕಾದರೆ ಆ ಹುಡುಗಿಯರಿಂದ, ಆ ಶರ್ಯತ್ತಿನಿಂದ ಬಿಡಬೇಕು.

ಹೋದ ಚಳಿಗಾಲ ಆ ಪಾಣಂದಕ್ಕೆ ಮತ್ತೆ ಹೋದೆ. ಖಡಿ ಬಿದ್ದು ರೋಲರ್ ಉರುಳಿತ್ತು. ನನಗೆ ಇಷ್ಟವಾಗಿದ್ದ ಎರಡು ಕಿಲೋಮೀಟರ್ ಮಣ್ಣು ಹೋಗಿತ್ತು. ಕಬ್ಬು ತುಂಬಿದ ಟ್ರ್ಯಾಕ್ಟರ್ ಒಂದು ಹೊಲದಿಂದ ನೇರ ಹೊರಗೆ ಬಂತು. ನಾನು ಬದುವಿಗೆ ಇಳಿದು ದಾರಿ ಬಿಟ್ಟೆ. ಇಂಜಿನ್ನಿನ ಬದಿಗೆ ಕುಳಿತಿದ್ದ ಅದೇ ಹಿರಿಯರು ಗುರುತು ಹಿಡಿದು ಕೈ ಎತ್ತಿದರು. ನನ್ನ ಲೆಕ್ಕದಲ್ಲಿ ಆ ಹಾದಿಯ ಅಂಕ ಅಂದು ಏರಿತು.