ಅಂಕಿತವುಳ್ಳ ಕವಿ, ಅಂಕಿತವಿಲ್ಲದ ಚಿತ್ರಕಾರ: ಧಾರವಾಡ ಸೀಮೆಯ ಬಯಲಾಟದಲ್ಲಿ ಕರ್ತೃತ್ವದ ಪ್ರಶ್ನೆ

ಉತ್ತರ ಕರ್ನಾಟಕದ ರಂಗಚರಿತ್ರೆಯನ್ನು ನಾಟಕಕಾರರ ಜೀವನವೃತ್ತಾಂತಗಳ ಮೂಲಕ ನಿರೂಪಿಸುವ ಪರಿಪಾಠ ಬೆಳೆದುಬಂದಿದೆ. ಅದರ ಕೇಂದ್ರದಲ್ಲಿ ಶಾಂತಕವಿಗಳು (1856–1920) ನಿಲ್ಲುವುದು ಸಹಜವೇ. ಸಕ್ಕರಿ ಬಾಳಾಚಾರ್ಯರೆಂಬ ಈ ಶಾಲಾ ಶಿಕ್ಷಕರು ಮರಾಠಿ ನಾಟಕಗಳ ಪ್ರಾಬಲ್ಯದ ಕಾಲದಲ್ಲಿ ‘ಉಷಾಹರಣ’ದಂತಹ ಕನ್ನಡ ನಾಟಕಗಳನ್ನು ರಚಿಸಿ, ಗದುಗಿನಲ್ಲಿ ನಾಟಕ ಮಂಡಳಿಯನ್ನು ಕಟ್ಟಿದರು. ಅವರ ಹುಟ್ಟು, ವೃತ್ತಿ, ಕೃತಿಗಳು ದಾಖಲೆಗೆ ಸಿಕ್ಕಿವೆ. ಆದರೆ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಪರಿಸರದ ಹಳ್ಳಿಗಳಿಗೆ ದೊಡ್ಡಾಟ, ಸಣ್ಣಾಟಗಳನ್ನು ಕಟ್ಟಿಕೊಟ್ಟ ಕವಿಗಳ ಹಾಗೂ ಮಾಸ್ತರರ ಬದುಕು ಈ ಚರಿತ್ರೆಯ ಅಂಚಿಗೂ ಬಂದಿಲ್ಲ. ಬೈಲಹೊಂಗಲ ಸೀಮೆಯ ‘ಸಂಗ್ಯಾ ಬಾಳ್ಯಾ’ ನಾಡಿನ ತುಂಬ ಪ್ರಸಿದ್ಧವಾದರೂ, ಅದರ ಕರ್ತೃವೆನ್ನಲಾಗುವ ಪತ್ತಾರ ಮಾಸ್ತರರು ಅಷ್ಟು ಪರಿಚಿತರಲ್ಲ.

ಇದಕ್ಕೆ ಕೇವಲ ವಿದ್ವಾಂಸರ ಅಲಕ್ಷ್ಯ ಕಾರಣವಲ್ಲ; ಕಲೆಯ ಸ್ವರೂಪವೂ ಕಾರಣ. ಪೋರ್ಚುಗೀಸ್ ಆಳ್ವಿಕೆಯ ನೆರೆಯ ಗೋವೆಯವರು ಬೆಳೆಸಿದ ಕೊಂಕಣಿ ತಿಯಾತ್ರ್‌ಗೆ ನಿಶ್ಚಿತ ಜನ್ಮದಿನವಿದೆ: ಲೂಕಾಸಿನ್ಹೊ ರಿಬೇರೊ ಅವರ ‘ಇಟಾಲಿಯನ್ ಭುರ್ಗೊ’ 1892ರ ಏಪ್ರಿಲ್ 17ರಂದು ಮುಂಬಯಿಯಲ್ಲಿ ಪ್ರಯೋಗಗೊಂಡಿತು. ನಗರದ ಪ್ರಯೋಗಕ್ಕೆ ದಿನಾಂಕ ಉಳಿಯುತ್ತದೆ. ಸುಗ್ಗಿ ಮುಗಿದ ಮೇಲೆ ಬಯಲಿನಲ್ಲಿ ಬೆಳಗಿನವರೆಗೆ ನಡೆಯುವ ಆಟಕ್ಕೆ ಊರಿನ ನೆನಪೇ ದಾಖಲೆ.

ಹಾಗಿದ್ದರೂ ಬಯಲಾಟದ ಕವಿಗೆ ಒಂದು ಆಸರೆಯುಂಟು. ಪದಗಳ ಕೊನೆಯಲ್ಲಿ ತನ್ನ ಹೆಸರನ್ನೋ, ಊರನ್ನೋ, ಇಷ್ಟದೈವವನ್ನೋ ಹೇಳಿಕೊಳ್ಳುವ ಅಂಕಿತದ ಅವಕಾಶ ಅವನಿಗಿದೆ. ಭುಜಕೀರ್ತಿ, ಕಿರೀಟ, ಎದೆಹಾರಗಳನ್ನು ಕೆತ್ತಿ ಬಣ್ಣವಿಟ್ಟವನಿಗೆ, ಪರದೆ ಬರೆದವನಿಗೆ ಈ ಅವಕಾಶವೂ ಇಲ್ಲ. ಶಾಲೆಯಲ್ಲಿ ಚಿತ್ರ ಕಲಿಯದ ಆ ಕೈಯ ಜಾಣ್ಮೆಯನ್ನು ‘ಸಾಮೂಹಿಕ ಪ್ರತಿಭೆ’ ಎಂದು ಕರೆದು ಕೈಬಿಡುವುದು ಮೇಲ್ನೋಟಕ್ಕೆ ಗೌರವ, ಪರಿಣಾಮದಲ್ಲಿ ಮರೆವು. ನವಲಗುಂದದ ಜಮಖಾನದ ಮಾತೂ ಇದೇ. ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತು ಊರಿನ ಹೆಸರು ಉಳಿಯಿತು. ನವಿಲು, ಪಗಡೆಹಾಸುಗಳನ್ನು ನೇಯ್ದ ಹೆಂಗಸರ ಹೆಸರು ಉಳಿಯಲಿಲ್ಲ.

ಇದಕ್ಕೆ ಪ್ರತಿಯಾಗಿ ಐತಿಹ್ಯಗಳನ್ನು ಹೊಸೆದು ಜೀವನಚರಿತ್ರೆ ಕಟ್ಟುವುದೂ ಸಾಧುವಲ್ಲ. ಅದು ಅಜ್ಞಾತನ ಜಾಗದಲ್ಲಿ ಕಲ್ಪಿತನನ್ನು ಕೂರಿಸಿದಂತೆ. ಮಾಡಬೇಕಾದುದು ಬೇರೆ. ಕೈಬರಹದ ಪ್ರತಿಗಳಲ್ಲಿ ಅಂಕಿತ ಎಲ್ಲಿ ಉಳಿದಿದೆ, ಎಲ್ಲಿ ಬದಲಾಗಿದೆ ಎಂದು ಹೋಲಿಸಬೇಕು. ಪ್ರತಿಕಾರನ ಹೆಸರು ಕವಿಯ ಹೆಸರೆಂದು ಗಣಿತವಾಗುವ ಅಪಾಯವನ್ನು ಗಮನಿಸಬೇಕು. ಊರ ಗುಡಿಗಳಲ್ಲಿರುವ ವೇಷಸಾಮಗ್ರಿಯ ಮೇಲಿನ ಬಣ್ಣ, ಕೆತ್ತನೆ, ದುರಸ್ತಿಗಳನ್ನು ಕೃತಿಪಾಠದಷ್ಟೇ ಶ್ರದ್ಧೆಯಿಂದ ಓದಬೇಕು.

ಶಿಗ್ಗಾಂವಿ ಸೀಮೆಯ ಟಿ. ಬಿ. ಸೊಲಬಕ್ಕನವರ ಚಿತ್ರಕಲೆ ಮತ್ತು ದೊಡ್ಡಾಟ ಎರಡರಲ್ಲೂ ದುಡಿದು, ಇವೆರಡೂ ಒಂದೇ ಬಾಳುವೆಯ ಮುಖಗಳೆಂಬುದನ್ನು ತೋರಿದರು. ಪಠ್ಯವನ್ನು ಸಾಹಿತ್ಯ ವಿಭಾಗಕ್ಕೂ ಕಿರೀಟವನ್ನು ವಸ್ತುಸಂಗ್ರಹಾಲಯಕ್ಕೂ ಹಂಚಿಕೊಟ್ಟ ಸಂಶೋಧನೆ ಆ ಕೂಡುಬದುಕನ್ನು ಕಾಣಲಾರದು. ಒಂದು ಆಟದ ಹಸ್ತಪ್ರತಿ ಮತ್ತು ಅದರ ಭುಜಕೀರ್ತಿಗಳನ್ನು ಒಟ್ಟಿಗೆ ಪಟ್ಟಿಮಾಡುವುದರಿಂದಲೇ ಈ ಅಧ್ಯಯನ ಆರಂಭವಾಗಬೇಕು.