ಜೇನಿಯ ಮೂರು ವಿವಾಹಗಳು

ಜೋರಾ ನೀಲ್ ಹರ್ಸ್ಟನ್ ಎಂಬ ಅಮೆರಿಕದ ಲೇಖಕಿಯು 1937ರಲ್ಲಿ ಪ್ರಕಟಿಸಿದ ‘ದೇರ್ ಐಸ್ ವರ್ ವಾಚಿಂಗ್ ಗಾಡ್’ ಎಂಬ ಕಾದಂಬರಿಯಲ್ಲಿ ನಾಯಿಕೆಯಾದ ಜೇನಿಗೆ ಮೂರು ವಿವಾಹಗಳು ನಡೆಯುತ್ತವೆ. ಮೊದಲಿನೆರಡು ದುಃಖಕ್ಕೂ ಮೂರನೆಯದು ಸುಖಕ್ಕೂ ಕಾರಣವಾದುವೆಂದೂ, ಮೂರನೆಯ ಪತಿಯ ಪ್ರೇಮದಿಂದಲೇ ಆಕೆಗೆ ಸ್ವಾವಲಂಬನೆ ಲಭಿಸಿತೆಂದೂ ಸಾಮಾನ್ಯವಾಗಿ ಹೇಳುವುದುಂಟು. ಕೃತಿಯನ್ನು ಸಾವಧಾನವಾಗಿ ಪರಿಶೀಲಿಸಿದರೆ ಈ ಮತವು ನಿಲ್ಲಲಾರದು.

ಪ್ರಥಮ ವಿವಾಹದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ದಾಸ್ಯದಲ್ಲಿ ಹುಟ್ಟಿದ ಅಜ್ಜಿಯು ಮೊಮ್ಮಗಳ ಕ್ಷೇಮವನ್ನೇ ಬಯಸಿ, 60 ಎಕರೆ ಭೂಮಿಯುಳ್ಳ ಲೋಗನ್ ಕಿಲಿಕ್ಸನಿಗೆ ಆಕೆಯನ್ನು ಕೊಡುತ್ತಾಳೆ. ಮದುವೆಯಾದ ಮೇಲೆ ಒಲವು ತಾನಾಗಿ ಬರುವುದೆಂದು ಕಾದ ಜೇನಿಗೆ ಅದು ಬರಲಿಲ್ಲ.

ವಿಚಾರಾರ್ಹವಾದುದು ಎರಡನೆಯ ವಿವಾಹ. ಫ್ಲಾರಿಡಾದ ಈಟನ್‌ವಿಲ್ ಕಲ್ಪಿತ ಸ್ಥಳವಲ್ಲ. ಕರಿಯ ಜನರೇ 1887ರಲ್ಲಿ ಸ್ಥಾಪಿಸಿಕೊಂಡ ಊರು, ಲೇಖಕಿಯು ಬೆಳೆದ ಊರು. ಕಾದಂಬರಿಯಲ್ಲಿ ಅದರ ಅಧ್ಯಕ್ಷನಾದ ಜೋ ಸ್ಟಾರ್ಕ್ಸನು, ನಾಲ್ಕು ಮಾತನಾಡೆಂದು ಜನರು ಪತ್ನಿಯನ್ನು ಕೇಳಿಕೊಂಡಾಗ ತಾನೇ ಅಡ್ಡಬಂದು ತಡೆಯುವನು. ಆಕೆಯ ಕೇಶವನ್ನು ಬಟ್ಟೆಯಿಂದ ಮುಚ್ಚಿಸುವನು. ಅಡಿಗೆ ಕೆಟ್ಟಿತೆಂಬ ಕಾರಣಕ್ಕೆ ಕಪಾಳಕ್ಕೆ ಹೊಡೆದ ದಿನ, ಜೇನಿಯ ಅಂತರಂಗದಲ್ಲಿದ್ದ ಪತಿಯ ಪ್ರತಿಮೆಯು ಬಿದ್ದು ಒಡೆಯುತ್ತದೆ. ಒಳಗನ್ನೂ ಹೊರಗನ್ನೂ ಬೇರೆ ಬೇರೆಯಾಗಿರಿಸಿಕೊಳ್ಳುವುದನ್ನು ಆಕೆ ಅಂದು ಕಲಿಯುತ್ತಾಳೆ. ಹೊರಗಿನವರು ಕಂಡ ಮೌನದೊಳಗೆ ಸ್ವಂತ ವಿವೇಕವು ಬಹುಕಾಲ ಪಕ್ವವಾಗುತ್ತಿದ್ದಿತು. ಮುಂದೆ ಅಂಗಡಿಯಲ್ಲಿ ಎಲ್ಲರೆದುರಿಗೆ ಆಕೆ ಆಡಿದ ಒಂದು ಮಾತು ಸ್ಟಾರ್ಕ್ಸನ ಗರ್ವವನ್ನು ಮುರಿದುದು ಆ ಪರಿಪಾಕದ ಫಲವೇ. ಆತನು ಸತ್ತಮೇಲೆ ತಲೆಯ ಬಟ್ಟೆಗಳನ್ನು ಸುಟ್ಟುಹಾಕಿದಾಗ ಟೀ ಕೇಕನು ಇನ್ನೂ ಕಥೆಯೊಳಗೆ ಪ್ರವೇಶಿಸಿಯೇ ಇಲ್ಲವೆಂಬುದನ್ನು ವಿಮರ್ಶಕರು ಮರೆಯಬಾರದು.

ಟೀ ಕೇಕನ ಪ್ರೇಮವು ನಿಜವಾದುದೆಂಬುದರಲ್ಲಿ ಸಂದೇಹವಿಲ್ಲ. ಪತ್ನಿಯನ್ನು ಚದುರಂಗದಂತಹ ಆಟಕ್ಕೆ ಸಮಾನಳಾಗಿ ಕೂರಿಸಿದವನು ಅವನೊಬ್ಬನೇ. ಆದರೆ ಅವನೂ ತನ್ನ ಯಜಮಾನಿಕೆಯನ್ನು ಇತರರಿಗೆ ತೋರಿಸಲು ಹೊಡೆದನು. ಲೇಖಕಿಯು ಅದನ್ನು ಲಘುವಾಗಿ ದಾಟಿಹೋಗಿರುವುದು ಕೃತಿಯ ಕಲಂಕವೇ ಸರಿ. ಚಂಡಮಾರುತದ ಪ್ರವಾಹದಲ್ಲಿ ಹುಚ್ಚುನಾಯಿ ಕಚ್ಚಿ, ಬುದ್ಧಿಗೆಟ್ಟು, ಅವನು ಪಿಸ್ತೂಲನ್ನು ಗುರಿಯಿಟ್ಟಾಗ ಜೇನಿಯು ಆತ್ಮರಕ್ಷಣೆಗಾಗಿ ಅವನನ್ನೇ ಕೊಲ್ಲಬೇಕಾಗುತ್ತದೆ.

ನ್ಯಾಯಾಲಯದಲ್ಲಿ ಆಕೆಯ ಹೇಳಿಕೆಯು ಆಕೆಯ ಬಾಯಿಂದ ಕೇಳಿಬರದೆ ನಿರೂಪಕರ ಸಂಗ್ರಹದಲ್ಲಿಯೇ ಬರುವುದು. ಆಕೆಗೆ ಸ್ವಂತ ಧ್ವನಿ ದೊರೆತುದು ನಿಜವೇ ಎಂದು ರಾಬರ್ಟ್ ಸ್ಟೆಪ್ಟೊ 1979ರಲ್ಲಿ ಸಂಶಯಪಟ್ಟರು. ಗೆಳತಿ ಫೀಬಿಗೆ ತನ್ನ ವೃತ್ತಾಂತವನ್ನು ತಾನೇ ಹೇಳುವಳಷ್ಟೆ, ಎಂಬ ಸಮಾಧಾನವುಂಟು. ಆದರೆ ಆ ವೃತ್ತಾಂತವನ್ನೂ ನಿರೂಪಕರು ಬೇಗನೆ ಕೈಗೆತ್ತಿಕೊಳ್ಳುವುದರಿಂದ ಆಕ್ಷೇಪವು ಪೂರ್ಣವಾಗಿ ಪರಿಹಾರವಾಗದು.

ಇನ್ನೊಂದು ಅಂಶವನ್ನು ಯಾರೂ ಅಷ್ಟಾಗಿ ಗಣಿಸುವುದಿಲ್ಲ. ಟೀ ಕೇಕನು ರೂಢಿಮಾಡಿಸಿದ ಕೂಲಿಯವರ ಉಡುಪಿನಲ್ಲಿ ಜೇನಿಯು ಹಿಂದಿರುಗಿ ಬಂದುದು ಸ್ಟಾರ್ಕ್ಸನಿಂದ ಉಳಿದ ಮನೆಗೆ. ಬ್ಯಾಂಕಿನಲ್ಲಿ ಆಕೆಯ ಹೆಸರಿಗೆ ಇನ್ನೂ 900 ಡಾಲರುಗಳಿವೆ. ಮೊಮ್ಮಗಳಿಗೆ ಅಜ್ಜಿಯು ಬಯಸಿದ ಭದ್ರತೆಯೂ ಇಂತಹುದೇ ಆಗಿದ್ದಿತು.