ಹಳೆಯ ಕಾರ್ಯಾಚರಣ ವ್ಯವಸ್ಥೆಗಳೂ ತಂತ್ರಾಂಶದ ಹೊಣೆಯೂ

ಯುಗವೊಂದು ಎಂದು ಮುಗಿಯಿತೆಂಬುದನ್ನು ಸಾಮಾನ್ಯವಾಗಿ ಅನಂತರದ ಇತಿಹಾಸಕಾರರು ನಿರ್ಣಯಿಸುತ್ತಾರೆ. ಗಣಕದ ಕಾರ್ಯಾಚರಣ ವ್ಯವಸ್ಥೆಗಳ ವಿಷಯದಲ್ಲಾದರೋ ನಿರ್ಮಾಪಕರೇ ಅಂತ್ಯದ ದಿನವನ್ನು ಮೊದಲೇ ಸಾರುತ್ತಾರೆ. ಆದರೆ ಅಂಥ ವ್ಯವಸ್ಥೆಯನ್ನು ಆಶ್ರಯಿಸಿ ನಡೆಯುವ ಇತರ ತಂತ್ರಾಂಶಗಳು ಅದನ್ನು ಎಂದು ಕೈಬಿಡಬೇಕು? ವಿಂಡೋಸ್ ಎಕ್ಸ್‌ಪಿಯ ನಿದರ್ಶನದಿಂದ ಈ ಪ್ರಶ್ನೆಯನ್ನು ಪರಿಶೀಲಿಸೋಣ.

2001ರಲ್ಲಿ ಹೊರಬಂದ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾರ್ವತ್ರಿಕ ಬೆಂಬಲವು 2014ರ ಏಪ್ರಿಲ್ 8ರಂದು ಕೊನೆಗೊಂಡಿತು. ಗೂಗಲ್ ಸಂಸ್ಥೆಯ ಕ್ರೋಮ್ ಬ್ರೌಸರ್ ಅನಂತರವೂ ಎರಡು ವರ್ಷ ಎಕ್ಸ್‌ಪಿಗೆ ಬೆಂಬಲವಿತ್ತು, ಗಡುವನ್ನು ಒಂದಕ್ಕಿಂತ ಹೆಚ್ಚು ಬಾರಿ ಮುಂದೂಡಿ, 2016ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ಮೊಜಿಲ್ಲಾದ ಫೈರ್‌ಫಾಕ್ಸ್ ಬೇರೊಂದು ಮಾರ್ಗ ಹಿಡಿಯಿತು. 2017ರ ಮಾರ್ಚ್‌ನಲ್ಲಿ ಎಕ್ಸ್‌ಪಿಯ ಬಳಕೆದಾರರನ್ನು ದೀರ್ಘಾವಧಿಯ ಆವೃತ್ತಿಗೆ ವರ್ಗಾಯಿಸಿ, ಹೊಸ ಸೌಲಭ್ಯಗಳನ್ನು ನಿಲ್ಲಿಸಿ, ರಕ್ಷಣೆಯ ತಿದ್ದುಪಡಿಗಳನ್ನು 2018ರವರೆಗೂ ಒದಗಿಸಿತು.

ಇಂಥ ಔದಾರ್ಯವು ಹುಸಿ ಭರವಸೆಗೆ ಎಡೆಗೊಡುತ್ತದೆಂಬ ಆಕ್ಷೇಪವುಂಟು, ಅದು ನಿರಾಧಾರವಲ್ಲ. 2017ರ ಮೇ ತಿಂಗಳಲ್ಲಿ ಹಬ್ಬಿದ ವಾನಾಕ್ರೈ ಎಂಬ ಪೀಡೆ ವಿಂಡೋಸಿನ ಕಡತ ಹಂಚಿಕೆಯ ದೋಷದ ಮೂಲಕ ಯಂತ್ರದಿಂದ ಯಂತ್ರಕ್ಕೆ ಸಾಗಿತು. ತಳಹದಿಯ ಬಿರುಕನ್ನು ಬ್ರೌಸರ್ ಮುಚ್ಚಲಾರದು. ಅಲ್ಲದೆ ಪ್ರತಿಯೊಂದು ಹೊಸ ಆವೃತ್ತಿಯನ್ನೂ ಹಳೆಯ ವ್ಯವಸ್ಥೆಯ ಮೇಲೆ ಪರೀಕ್ಷಿಸುವ ಶ್ರಮ ಅಲ್ಪವಲ್ಲ.

ಆದರೂ ಬಳಕೆದಾರರ ಶೇಕಡಾ ಪ್ರಮಾಣವೊಂದನ್ನೇ ಮಾನದಂಡವಾಗಿಸುವುದನ್ನು ನಾವು ಒಪ್ಪಲಾರೆವು. ಕೋಟಿ ಜನರಲ್ಲಿ ಶೇಕಡಾ ಒಂದೆಂದರೆ ಒಂದು ಲಕ್ಷ ಜನ. ಹೊಸ ಯಂತ್ರ ಕೊಳ್ಳಲಾರದವರೂ, ಹಳೆಯ ವ್ಯವಸ್ಥೆಗೇ ಹೊಂದಿಸಿದ ಪ್ರಯೋಗಾಲಯದ ಉಪಕರಣವನ್ನು ಬಿಡಲಾರದವರೂ ಆ ಸಂಖ್ಯೆಯಲ್ಲಿ ಅಡಗಿರುತ್ತಾರೆ. ವಾನಾಕ್ರೈ ಹಬ್ಬಿದಾಗ ಮೈಕ್ರೋಸಾಫ್ಟ್ ಎಕ್ಸ್‌ಪಿಯ ತಿದ್ದುಪಡಿಯನ್ನು ಎಲ್ಲರಿಗೂ ಬಿಡುಗಡೆ ಮಾಡಿತು. ಅದುವರೆಗೆ ಅದು ಪ್ರತ್ಯೇಕ ಒಪ್ಪಂದಕ್ಕೆ ಹಣ ತೆತ್ತವರಿಗೆ ಮಾತ್ರ ಮೀಸಲಾಗಿತ್ತು. ಎಂದಮೇಲೆ ‘ಬೆಂಬಲ ಮುಗಿಯಿತು’ ಎಂಬ ಮಾತಿನ ಅರ್ಥ ಎಲ್ಲರಿಗೂ ಒಂದೇ ಆಗಿರಲಿಲ್ಲ.

ಬೆಂಬಲಕ್ಕೆ ಅಂತ್ಯವೇ ಇರಬಾರದೆಂದು ನಮ್ಮ ವಾದವಲ್ಲ. ಹೊಸ ಸೌಲಭ್ಯಗಳನ್ನು ನಿಲ್ಲಿಸುವ ದಿನವೂ ರಕ್ಷಣೆಯನ್ನು ನಿಲ್ಲಿಸುವ ದಿನವೂ ಒಂದೇ ಆಗಬೇಕಾಗಿಲ್ಲವೆಂಬುದಷ್ಟೇ ನಮ್ಮ ನಿಲುವು. ಫೈರ್‌ಫಾಕ್ಸ್ ಈ ಭೇದವನ್ನು ಪಾಲಿಸಿತು; ಆದುದರಿಂದ ಅದರ ಕ್ರಮವೇ ಹೆಚ್ಚು ನ್ಯಾಯಸಮ್ಮತವೆಂದು ನಾವು ಭಾವಿಸುತ್ತೇವೆ. ದಿನವನ್ನು ಗೊತ್ತುಪಡಿಸುವ ಅಧಿಕಾರ ಯಾರದೋ, ಅದನ್ನು ಸಾಕಷ್ಟು ಮುಂಚಿತವಾಗಿ ಕಾರಣಸಹಿತ ತಿಳಿಸುವ ಹೊಣೆಯೂ ಅವರದೇ.